ಡ್ರಮ್ಮಿನ ಕಿಂಡಿ

ಚಿತ್ರದುರ್ಗದ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಆವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ. ಮಧ್ಯೆ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ. ಅವು ನನ್ನ ಭಾಷಣದ ದಾರಿ ತಪ್ಪಿಸಿದವು, ಒಳ್ಳೆಯದೇ ಆಯಿತು.

ಎಲ್ಲರಿಗೂ ನಮಸ್ಕಾರ. ಬ್ಯಾನರ್ ಮೇಲೆ ‘ಸಾಮಾನ್ಯ ರೋಗಗಳು ಮತ್ತು ಸಾರ್ವಜನಿಕ ಆರೋಗ್ಯ’ ಅಂತ ಹಾಕಿಸಿದ್ದಾರೆ. ಇಷ್ಟನ್ನೂ ಒಂದು ಗಂಟೆಯಲ್ಲಿ ಹೇಳಲು ಹೋದರೆ ನೀವು ನಿದ್ದೆ ಮಾಡ್ತೀರಿ, ನಾನೂ ಮಾಡ್ತೀನಿ. ನಾನು ಡಾಕ್ಟರ್ ಅಲ್ಲ. ಮೂವತ್ತು ವರ್ಷ ಆರೋಗ್ಯ ಸಹಾಯಕನಾಗಿ ಈ ಜಿಲ್ಲೆಯ ಮನೆಮನೆ ತಿರುಗಿದವನು. ಕೆಲವು ಹಳ್ಳಿಗಳಲ್ಲಿ ನನ್ನ ಹೆಸರೇ ‘ಸೊಳ್ಳೆ ಸಾರ್’. ನಡುಮನೆಯಲ್ಲಿ ಕೂತು ಕಾಫಿ ಕುಡಿಯುವವರು ಬೇರೆ ಅಧಿಕಾರಿಗಳು. ನಾನು ಸೀದಾ ಬಚ್ಚಲಿಗೆ, ಹಿತ್ತಿಲಿಗೆ. ಅಲ್ಲಿ ಡ್ರಮ್ಮು, ಹಂಡೆ, ತೊಟ್ಟಿ, ಬಕೆಟ್ಟು ಸಾಲಾಗಿ ಇರುತ್ತವಲ್ಲ, ಆ ಮೂಲೆ ನೋಡಿದರೆ ಸಾಕು. ಆ ಮನೆಗೆ ಮುಂದಿನ ತಿಂಗಳು ಯಾವ ಕಾಯಿಲೆ ಬರಬಹುದು ಅಂತ ಅರ್ಧ ಗೊತ್ತಾಗುತ್ತದೆ. ಹಾಗಾಗಿ ಇವತ್ತು ಶುಗರ್ ಇಲ್ಲ, ಬಿಪಿ ಇಲ್ಲ. ಆ ನೀರಿನ ಮೂಲೆ ಒಂದೇ.

ಇದನ್ನು ನೋಡಿ. ಉಪ್ಪಿನಕಾಯಿ ಬಾಟಲಿ. ಮುಂದಿನ ಸಾಲಿನ ಮಕ್ಕಳು ನೋಡಿ ಹಿಂದಕ್ಕೆ ಕೊಡಿ, ಮುಚ್ಚಳ ಮಾತ್ರ ತೆಗೀಬೇಡಿ. ನೀರು ಎಷ್ಟು ತಿಳಿಯಾಗಿದೆ ಅಲ್ವಾ? ಈಗ ಕಿಟಕಿಯ ಬೆಳಕಿಗೆ ಹಿಡಿಯಿರಿ. ದಾರದ ಚೂರಿನಂಥವು ತಲೆಕೆಳಗಾಗಿ ನೇತಾಡುತ್ತಿವೆ. ಬಾಲದ ತುದಿ ಮಾತ್ರ ನೀರಿನ ಮೇಲ್ಗಡೆ ತಾಗಿದೆ. ಅವು ಉಸಿರಾಡುವುದು ಅಲ್ಲಿಂದಲೇ. ಬಾಟಲಿಗೆ ಕೈ ಅಡ್ಡ ಹಿಡಿಯಿರಿ. ನೆರಳು ಬಿದ್ದ ಕೂಡಲೇ ಕೊಂಕುತ್ತಾ, ಬಳುಕುತ್ತಾ ತಳಕ್ಕೆ ಓಡುತ್ತವೆ. ಸ್ವಲ್ಪ ಹೊತ್ತಿಗೆ ಉಸಿರಿಗಾಗಿ ಮತ್ತೆ ಮೇಲೆ ಬರುತ್ತವೆ. ಇದು ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿ. ನಾವು ಲಾರ್ವಾ ಅಂತೀವಿ, ಊರಲ್ಲಿ ಸುಮ್ನೆ ‘ಹುಳ’ ಅಂತಾರೆ.

“ಯಾರ ಮನೇದು ಸಾರ್?”

ನಮ್ಮ ಮನೆಯದೇ. ಅಡುಗೆಮನೆ ಕಿಟಕಿಯಲ್ಲಿ ನೀರಿಗೆ ಹಾಕಿಟ್ಟ ಮನಿ ಪ್ಲಾಂಟ್ ಇತ್ತು, ಅದರ ಬಾಟಲಿಯಲ್ಲಿ ಸಿಕ್ಕಿದ್ದು. ಊರಿಗೆಲ್ಲ ಬುದ್ಧಿ ಹೇಳಿದವನ ಮನೆ ಕಥೆ ಇದು. ನಮ್ಮಾಕೆ ಹೇಳಬೇಡಿ ಅಂದಿದ್ದಳು. ಹೇಳಿಬಿಟ್ಟೆ.

ಡೆಂಗಿ ಅಂದ ಕೂಡಲೇ ನಮ್ಮ ಕಣ್ಣು ಹೋಗುವುದು ಚರಂಡಿ ಕಡೆಗೆ. ಚರಂಡಿ ಸೊಳ್ಳೆ ಬೇರೆ ಜಾತಿ. ಅದು ರಾತ್ರಿ ಕಿವಿ ಹತ್ತಿರ ಗುಂಯ್‌ಗುಟ್ಟಿ ನಿದ್ದೆ ಕೆಡಿಸುತ್ತದೆ, ಆದರೆ ಡೆಂಗಿ ತರುವುದಿಲ್ಲ. ಈಡಿಸ್‌ಗೆ ಮನೆಯೊಳಗಿನ ಒಳ್ಳೆಯ ನೀರೇ ಬೇಕು. ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಸೂರ್ಯ ಮುಳುಗುವ ಮುಂಚೆ. ಕಾಲ ಮೇಲೆ ಬಿಳಿ ಪಟ್ಟೆ ಇರುತ್ತದೆ. ಬಹಳ ದೂರ ಹಾರುವುದಿಲ್ಲ. ಹುಟ್ಟಿದ ಜಾಗದಿಂದ ನೂರಿನ್ನೂರು ಮೀಟರ್ ಒಳಗೇ ಓಡಾಡಿಕೊಂಡಿರುತ್ತದೆ. ಅಂದರೆ ನಿಮಗೆ ಕಚ್ಚಿದ್ದು ನಿಮ್ಮ ಮನೆಯದು, ಇಲ್ಲ ಪಕ್ಕದ ಮನೆಯದು. ಈ ಮಾತು ಹೇಳಿ ನಾನು ಎಷ್ಟೋ ಬೀದಿಗಳಲ್ಲಿ ಜಗಳ ಹಚ್ಚಿದ್ದೇನೆ.

ನಮ್ಮದು ಮಳೆ ಕಮ್ಮಿ ಇರುವ ಜಿಲ್ಲೆ. ಮಳೆಗಾಲದಲ್ಲಿ ಡೆಂಗಿ ಜಾಸ್ತಿ ಅನ್ನುವುದು ನಿಜವೇ. ಆದರೆ ಬೇಸಿಗೆಯಲ್ಲೂ ಇಲ್ಲಿ ಜ್ವರ ಬರುತ್ತದೆ. ಅದು ಯಾಕೆ ಅಂತ ಹೊಸದರಲ್ಲಿ ನನಗೂ ಅರ್ಥವಾಗಿರಲಿಲ್ಲ. ಆಮೇಲೆ ಹೊಳೆಯಿತು. ಮಳೆ ಇಲ್ಲದ ಊರಲ್ಲೇ ಜನ ನೀರು ಕೂಡಿಡುವುದು ಹೆಚ್ಚು. ನಲ್ಲಿ ನೀರು ದಿನವೂ ಬರುವ ಮನೆಯಲ್ಲಿ ಎರಡು ಕೊಡ ಇದ್ದರೆ, ವಾರಕ್ಕೊಮ್ಮೆ ಬರುವ ಮನೆಯಲ್ಲಿ ಆರು ಡ್ರಮ್ ಇರುತ್ತವೆ. ಸೊಳ್ಳೆಗೆ ನಮ್ಮ ಬರವೇ ಸುಗ್ಗಿ.

ಕೋಟೆ ಊರಿನವರಿಗೆ ಇದನ್ನು ವಿವರಿಸಲು ನನಗೆ ಯಾವತ್ತೂ ಓಬವ್ವನೇ ನೆನಪಾಗುವುದು. ಗಂಡ ಊಟಕ್ಕೆ ಕೂತಿದ್ದ, ಅವಳು ನೀರು ತರಲು ಹೋದಳು, ಕಿಂಡಿಯಲ್ಲಿ ಹೈದರಾಲಿಯ ಸೈನಿಕ ನುಸುಳುವುದು ಕಂಡಳು. ಏಳು ಸುತ್ತಿನ ಕೋಟೆ, ಅಷ್ಟು ಬಾಗಿಲು, ಅಷ್ಟು ಕಾವಲು. ಶತ್ರು ಬಂದದ್ದು ಒಬ್ಬ ಮನುಷ್ಯ ತೂರುವಷ್ಟು ಕಿಂಡಿಯಲ್ಲಿ. ನಿಮ್ಮ ಡ್ರಮ್ಮಿಗೂ ಮುಚ್ಚಳ ಇರುತ್ತದೆ, ನನಗೆ ಗೊತ್ತು. ಆದರೆ ಪೈಪ್ ಇಳಿಬಿಡಲು ಒಂದು ಕಡೆ ಸೀಳಿರುತ್ತೀರಿ. ಇಲ್ಲ, ಮುಚ್ಚಳ ಬಿಸಿಲಿಗೆ ಸೊಟ್ಟಗಾಗಿ ಒಂದು ಬೆರಳು ಸಂದು ಬಿಟ್ಟಿರುತ್ತದೆ. ಅಷ್ಟು ಸಾಕು. ಒಳಗೆ ಕತ್ತಲು, ತಂಪು, ನಿಂತ ನೀರು. ಹೆಣ್ಣು ಸೊಳ್ಳೆಗೆ ಇದಕ್ಕಿಂತ ಒಳ್ಳೆ ಬಾಣಂತಿ ಕೋಣೆ ಬೇಡ.

ಮೊಟ್ಟೆ ಎಲ್ಲಿ ಇಡುತ್ತದೆ ಗೊತ್ತಾ? ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒದ್ದೆ ಗೋಡೆಗೆ ಅಂಟಿಸುತ್ತದೆ. ಕಪ್ಪಗೆ, ಗಸಗಸೆಗಿಂತ ಸಣ್ಣ ಚುಕ್ಕೆಗಳು. ಒಂದು ಸಲಕ್ಕೆ ನೂರರ ಹತ್ತಿರ. ಡ್ರಮ್ ಖಾಲಿಯಾಗಿ ಒಣಗಿದರೂ ಈ ಮೊಟ್ಟೆ ತಿಂಗಳುಗಟ್ಟಲೆ ಸಾಯುವುದಿಲ್ಲ. ಮತ್ತೆ ನೀರು ತುಂಬಿ ಮಟ್ಟ ಏರಿದಾಗ ಒಡೆದು ಮರಿ ಬರುತ್ತದೆ. ಅಲ್ಲಿಂದ ಏಳರಿಂದ ಹತ್ತು ದಿನಕ್ಕೆ ಸೊಳ್ಳೆ ಹಾರುತ್ತದೆ. ಅದಕ್ಕೇ ನೀರು ಚೆಲ್ಲಿದರಷ್ಟೇ ಸಾಲದು, ಗೋಡೆ ತಿಕ್ಕಬೇಕು. ತೆಂಗಿನ ನಾರು, ಪಾತ್ರೆ ಬ್ರಷ್ಷು, ಯಾವುದಾದರೂ ಸರಿ. ಒಳಗಿನ ನೀರಿನ ಗೆರೆ ಇರುತ್ತದಲ್ಲ, ಅದರ ಸುತ್ತ ಗಟ್ಟಿಯಾಗಿ ತಿಕ್ಕಿ. ನನ್ನನ್ನು ಕೇಳಿದರೆ ಹೊಗೆ ಮಿಷನ್‌ಗಿಂತ ನಾರೇ ವಾಸಿ. ಹೊಗೆ ಹೊಡೆದರೆ ಬೀದಿಯಲ್ಲಿ ಹಾರುವ ಸೊಳ್ಳೆ ಸಾಯಬಹುದು. ಒಳಗೆ ಮಂಚದ ಕೆಳಗೆ, ನೇತುಹಾಕಿದ ಬಟ್ಟೆಯ ಹಿಂದೆ ಕೂತದ್ದು ಹಾಗೇ ಉಳಿಯುತ್ತದೆ. ಮೊಟ್ಟೆ, ಮರಿಗಂತೂ ಏನೂ ಆಗುವುದಿಲ್ಲ. ಆದರೂ ಜನ ಕೇಳುವುದು ಹೊಗೆಯನ್ನೇ. ಕಣ್ಣಿಗೆ ಕಾಣುತ್ತದೆ, ವಾಸನೆ ಬರುತ್ತದೆ, ಏನೋ ಕೆಲಸ ಆಯಿತು ಅನ್ನಿಸುತ್ತದೆ.

ಈ ವಿದ್ಯೆ ಹೊಸದೇನಲ್ಲ. ಮಲೇರಿಯಾ ಸೊಳ್ಳೆಯಿಂದ ಹರಡುತ್ತದೆ ಅಂತ 1897ರಲ್ಲಿ ತೋರಿಸಿ, 1902ರಲ್ಲಿ ನೊಬೆಲ್ ಪಡೆದ ರೊನಾಲ್ಡ್ ರಾಸ್ 1883ರಲ್ಲಿ ಬೆಂಗಳೂರಿನಲ್ಲಿ ಸೇನೆಯ ವೈದ್ಯರಾಗಿದ್ದರು. ಅವರ ಬಂಗಲೆಯಲ್ಲಿ ವಿಪರೀತ ಸೊಳ್ಳೆ. ಹುಡುಕಿದರೆ ಕಿಟಕಿ ಹೊರಗಿನ ಒಂದು ನೀರಿನ ತೊಟ್ಟಿಯಲ್ಲಿ ಹುಳ ಮಿಜಿಮಿಜಿ. ತೊಟ್ಟಿ ಬೋರಲು ಹಾಕಿದರು, ಸೊಳ್ಳೆ ಕಮ್ಮಿಯಾಯಿತು. ನೊಬೆಲ್‌ಗೂ ಮುಂಚಿನ ಪಾಠ ಅದು, ನಮ್ಮ ರಾಜ್ಯದ ತೊಟ್ಟಿಯೊಂದರಲ್ಲಿ ಕಲಿತದ್ದು.

ಇಲ್ಲಿ ಮಧ್ಯದ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. ಸ್ತ್ರೀಶಕ್ತಿ ಸಂಘದವಳಿರಬೇಕು.

“ಸಾರ್, ಬೋರಲು ಹಾಕಿ, ಚೆಲ್ಲಿ ಅಂತ ಹೇಳೋದು ಸುಲಭ. ನಮ್ಮ ಬೀದೀಗೆ ನೀರು ಬಿಡೋದೇ ವಾರಕ್ಕೋ ಎಂಟು ದಿನಕ್ಕೋ ಒಂದ್ಸಲ. ಅದೂ ರಾತ್ರಿ ಹನ್ನೆರಡಕ್ಕೆ. ನಿದ್ದೆಗೆಟ್ಟು ಹಿಡಿದಿಟ್ಟ ನೀರನ್ನ ನೀವು ಬಂದು ಚೆಲ್ಲಿಸ್ತೀರಿ. ದಿನಾ ನೀರು ಬಂದ್ರೆ ನಾವ್ಯಾಕೆ ಡ್ರಮ್ ಇಡ್ತಿದ್ವಿ?”

ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಅಮ್ಮಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಸೂಳೆಕೆರೆ ನೀರು, ವಾಣಿ ವಿಲಾಸ ಸಾಗರದ ನೀರು ಅಂತ ಕಾದು ಬದುಕಿದ ಊರು ನಮ್ಮದು. 2022ರಲ್ಲಿ ಮಾರಿಕಣಿವೆ ಡ್ಯಾಮ್, ಅಂದರೆ ಇದೇ ವಾಣಿ ವಿಲಾಸ ಸಾಗರ, 89 ವರ್ಷದ ಮೇಲೆ ಕೋಡಿ ಬಿದ್ದಾಗ ಜನ ಜಾತ್ರೆಗೆ ಹೋದ ಹಾಗೆ ಹೋಗಿ ನೋಡಿ ಬಂದರು. ಅಂಥ ಜನಕ್ಕೆ ನೀರು ಚೆಲ್ಲಿ ಅಂದರೆ ಕೈ ಬರುತ್ತಾ? ನಾನೂ ಎಳೆಯವನಾಗಿದ್ದಾಗ ತಿಳಿಯದೆ ಚೆಲ್ಲಿಸಿದ್ದೇನೆ. ಒಬ್ಬ ಅಜ್ಜಿ, “ನನ್ನ ಕಣ್ಣೀರು ಚೆಲ್ಲಿದಂಗಾಯ್ತು ಕಣಪ್ಪಾ” ಅಂದಿತ್ತು. ಆವತ್ತಿನಿಂದ ಬಿಟ್ಟೆ. ಸೊಳ್ಳೆ ಮರಿ ಸಿಕ್ಕ ಮನೆಗೆ ದಂಡ ಹಾಕುವ ನಿಯಮವೂ 2024ರಲ್ಲಿ ಬಂತು, ಪಟ್ಟಣದ ಮನೆಗೆ 400 ರೂಪಾಯಿ, ಹಳ್ಳಿ ಮನೆಗೆ 200. ನೀರು ಸರಿಯಾಗಿ ಬರದ ಬೀದಿಯಲ್ಲಿ ದಂಡದ ಪುಸ್ತಕ ಹಿಡಿದು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ. ನೀರು ದಿನವೂ ಕೊಡುವುದೇ ಡೆಂಗಿಗೆ ದೊಡ್ಡ ಮದ್ದು, ಅದನ್ನು ಕೇಳುವುದು ನಿಮ್ಮ ಹಕ್ಕು.

ಅಲ್ಲಿಯವರೆಗೆ ಏನು ಮಾಡೋಣ? ಚೆಲ್ಲಬೇಡಿ, ಸೋಸಿ. ಹಳೇ ಪಂಚೆ ಎರಡು ಮಡಿಕೆ ಮಾಡಿ ಇನ್ನೊಂದು ಪಾತ್ರೆಗೆ ಕಟ್ಟಿ, ಡ್ರಮ್ಮಿನ ನೀರನ್ನು ಅದರ ಮೇಲೆ ಸುರಿಯಿರಿ. ಹುಳ ಬಟ್ಟೆ ಮೇಲೆ ಉಳಿಯುತ್ತದೆ. ಖಾಲಿ ಡ್ರಮ್ ತಿಕ್ಕಿ ಅದೇ ನೀರು ವಾಪಸ್ ಹಾಕಿ. ಬಾಯಿಗೆ ಅದೇ ಪಂಚೆ ಹೊದಿಸಿ, ಸೈಕಲ್ ಟ್ಯೂಬ್ ಕತ್ತರಿಸಿ ರಬ್ಬರ್ ಬ್ಯಾಂಡಿನ ಹಾಗೆ ಬಿಗಿಯಿರಿ. ಪಂಕ್ಚರ್ ಅಂಗಡಿಯಲ್ಲಿ ಹಳೇ ಟ್ಯೂಬ್ ಸುಮ್ನೆ ಕೊಡ್ತಾರೆ. ಬಟ್ಟೆ ಜೋತು ಬಿದ್ದು ನೀರಿಗೆ ತಾಗಬಾರದು, ತಾಗಿದರೆ ಒದ್ದೆ ಬಟ್ಟೆ ಮೇಲೇ ಮೊಟ್ಟೆ ಇಟ್ಟುಬಿಡುತ್ತದೆ. ದೊಡ್ಡ ತೊಟ್ಟಿಯಾದರೆ ಗಪ್ಪಿ ಮೀನು ಬಿಡಿ, ಆರೋಗ್ಯ ಕೇಂದ್ರದಲ್ಲಿ ಕೇಳಿ. ಹಿತ್ತಿಲಲ್ಲಿ ಹಳೇ ಒರಳುಕಲ್ಲು ಇದೆಯಾ? ಅದನ್ನು ಮಗುಚಲು ಆಗಲ್ಲ, ಗುಂಡಿಗೆ ಮರಳು ತುಂಬಿ. ಫ್ರಿಜ್ಜಿನ ಹಿಂದೆ ಒಂದು ಟ್ರೇ ಇರುತ್ತದೆ, ಕೊಂಡಾಗಿನಿಂದ ಯಾರೂ ನೋಡಿರುವುದಿಲ್ಲ. ಇವತ್ತು ನೋಡಿ. ಮನಿ ಪ್ಲಾಂಟ್ ವಿಷಯ ನಾನು ಹೇಳಬೇಕಾಗಿಲ್ಲ.

ಇನ್ನು ಜ್ವರ ಬಂದರೆ? ಡೆಂಗಿಗೆ ಇಂಥದ್ದೇ ಅಂತ ಮಾತ್ರೆ ಇಲ್ಲ. ವೈರಸ್ ತಾನಾಗಿ ಇಳಿಯುತ್ತದೆ, ಅಲ್ಲಿಯವರೆಗೆ ದೇಹವನ್ನು ಕಾಯಬೇಕು ಅಷ್ಟೇ. ಜ್ವರಕ್ಕೆ ಪ್ಯಾರಸಿಟಮಾಲ್ ಸಾಕು. ಮೈಕೈ ನೋವು ಅಂತ ಅಂಗಡಿಗೆ ಹೋಗಿ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫಿನಾಕ್ ತಗೋಬೇಡಿ, ಆ ಸೂಜಿಯನ್ನೂ ಹಾಕಿಸಿಕೊಳ್ಳಬೇಡಿ. ರಕ್ತಸ್ರಾವ ಹೆಚ್ಚಬಹುದು. ಮೊದಲ ಐದು ದಿನದೊಳಗೆ ರಕ್ತದಲ್ಲಿ ವೈರಸ್‌ನ ಅಂಶ ಹುಡುಕುವ ಎನ್‌ಎಸ್1 ಪರೀಕ್ಷೆ, ಆಮೇಲಾದರೆ ಅದರ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವ ಐಜಿಎಂ.

ಬಹಳ ಜನ ಎಡವುವುದು ಜ್ವರ ಇಳಿದಾಗ. ಮೂರು, ನಾಲ್ಕನೇ ದಿನಕ್ಕೆ ಮೈ ತಣ್ಣಗಾಗುತ್ತದೆ. ‘ಅಬ್ಬಾ, ಬಿಡ್ತು’ ಅಂತ ಕೆಲಸಕ್ಕೆ ಹೊರಡುತ್ತಾರೆ. ಡೆಂಗಿ ಕೈ ಕೊಡುವುದಾದರೆ ಆಗಲೇ. ರಕ್ತನಾಳದಿಂದ ನೀರಿನಂಶ ಹೊರಗೆ ಸೋರಲು ಶುರುವಾಗುತ್ತದೆ, ಬಿಪಿ ಬೀಳುತ್ತದೆ. ಹೊಟ್ಟೆನೋವು ಬಿಡದೆ ಬಂದರೆ, ವಾಂತಿ ನಿಲ್ಲದಿದ್ದರೆ, ಒಸಡಲ್ಲಿ ರಕ್ತ ಬಂದರೆ, ಮಗು ಮಂಕಾಗಿ ಮಲಗಿದಲ್ಲೇ ಮಲಗಿದ್ದರೆ, ಉಚ್ಚೆ ಕಮ್ಮಿಯಾದರೆ, ಜ್ವರ ಇದೆಯೋ ಇಲ್ಲವೋ ನೋಡಬೇಡಿ, ಆಸ್ಪತ್ರೆಗೆ ಓಡಿ.

“ಬಿಳಿ ರಕ್ತಕಣ ಬಿದ್ದುಹೋಗಿದೆ ಅಂತಾರಲ್ಲ ಸಾರ್?” ಅಂತ ಒಬ್ಬರು ಕೇಳಿದರು. ಎಲ್ಲರೂ ಹಾಗೇ ಅನ್ನುತ್ತಾರೆ. ಅವರು ಹೇಳುತ್ತಿರುವುದು ಪ್ಲೇಟ್‌ಲೆಟ್ ವಿಷಯ. ಅದು ಬಿಳಿ ರಕ್ತಕಣವಲ್ಲ, ರಕ್ತ ಹೆಪ್ಪುಗಟ್ಟಿಸುವ ಕಿರುತಟ್ಟೆ. ಸಾಮಾನ್ಯವಾಗಿ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷ ಇರುತ್ತದೆ. ಡೆಂಗಿಯಲ್ಲಿ ಇಳಿಯುತ್ತದೆ, ತಾನೇ ಏರುತ್ತದೆ. ಐವತ್ತು ಸಾವಿರ ಅಂದ ಕೂಡಲೇ ಮನೆಮಂದಿಯೆಲ್ಲ ಅಳುತ್ತಾ ರಕ್ತ ಹುಡುಕಲು ಹೊರಡುವುದು ಬೇಡ. ರಕ್ತ ಸೋರದಿದ್ದರೆ ಸಾಮಾನ್ಯವಾಗಿ ಹತ್ತು ಸಾವಿರದ ಕೆಳಗೆ ಹೋಗುವವರೆಗೆ ಪ್ಲೇಟ್‌ಲೆಟ್ ಹಾಕುವುದಿಲ್ಲ. ನಿರ್ಧಾರ ಡಾಕ್ಟರದ್ದು. ಪರಂಗಿ ಎಲೆ ರಸದ ಬಗ್ಗೆಯೂ ಕೇಳಿದರು. ಅದನ್ನು ನಂಬಿ ಮನೆಯಲ್ಲೇ ಕೂರಬೇಡಿ, ಅಷ್ಟು ಹೇಳುತ್ತೇನೆ. ಎಷ್ಟು ನೀರು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಅನ್ನುವ ಲೆಕ್ಕ ಅದಕ್ಕಿಂತ ಮುಖ್ಯ.

ಚಿಕೂನ್‌ಗುನ್ಯಾ ತರುವುದೂ ಇದೇ ಸೊಳ್ಳೆ. 2006 ನೆನಪಿದೆಯಾ? ಆ ವರ್ಷ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣ. ಊರಿಗೂರೇ ಗೋಡೆ ಹಿಡಿದು ನಡೆಯುತ್ತಿತ್ತು. ಹೆಸರಲ್ಲಿ ‘ಚಿಕನ್’ ಕೇಳಿಸಿತು ಅಂತ ಕೆಲವರು ಕೋಳಿ ತಿನ್ನುವುದು ಬಿಟ್ಟರು. ಕೋಳಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ಆಫ್ರಿಕಾದ ಮಕೊಂಡೆ ಭಾಷೆಯ ಮಾತು, ನೋವಿಗೆ ಬಾಗಿ ಮುದುಡುವುದು ಅಂತ ಅರ್ಥ.

ಇಷ್ಟು ಡ್ರಮ್ಮಿನ ನೀರು. ಈಗ ಕುಡಿಯುವ ಕೊಡದ ನೀರು.

2023ರ ಆಗಸ್ಟ್‌ನಲ್ಲಿ ನಮ್ಮದೇ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ಅದನ್ನು ನಾವು ಮರೆಯಬಾರದು. ಅಲ್ಲಿನ ಮಾತು ಬೇರೆ, ಆದರೆ ಪ್ರತಿ ಬೀದಿಯಲ್ಲೂ ನಡೆಯುವ ಒಂದು ವಿಷಯ ಹೇಳುತ್ತೇನೆ. ನೀರು ಬಿಡದ ದಿನ ಪೈಪು ಖಾಲಿ. ಎಲ್ಲಾದರೂ ಒಡೆದ ಜಾಯಿಂಟ್ ಪಕ್ಕ ಚರಂಡಿ ಇದ್ದರೆ ಆ ಗಲೀಜು ಪೈಪಿನೊಳಗೆ ಜಿನುಗುತ್ತದೆ. ನಲ್ಲಿಗೆ ನೇರವಾಗಿ ಮೋಟರ್ ಹಾಕಿ ಎಳೆದರೆ ಇನ್ನೂ ಜಾಸ್ತಿ ಹೀರುತ್ತದೆ. ಪಕ್ಕದ ಮನೆಗೆ ನೀರಿಲ್ಲದ ಹಾಗೆ ಎಳೆದವರ ಮನೆಗೆ ಮೊದಲು ಭೇದಿ ಬಂದದ್ದನ್ನು ನಾನು ಕಂಡಿದ್ದೇನೆ. ನೀರು ಬಿಟ್ಟಾಗ ಮೊದಲು ಬರುವ ಕೆಂಪು ನೀರನ್ನು ಕುಡಿಯಲು ಹಿಡಿಯಬೇಡಿ, ಗಿಡಕ್ಕೆ ಹಾಕಿ. ಕುಡಿಯುವ ನೀರು ಕುದಿಸಿ. ಬಿಸಿಯಾದರೆ ಸಾಲದು, ಗುಳ್ಳೆ ಎದ್ದು ಮರಳಬೇಕು.

ವಾಂತಿ ಭೇದಿ ಶುರುವಾದರೆ ಇವತ್ತಿಗೂ ಕೆಲವು ಮನೆಗಳಲ್ಲಿ ಮಗುವಿಗೆ ನೀರು ನಿಲ್ಲಿಸುತ್ತಾರೆ. ‘ಕುಡಿದದ್ದೆಲ್ಲ ಹೊರಗೆ ಬರುತ್ತೆ’ ಅಂತ. ಬಂದರೆ ಬರಲಿ, ಕೊಡಿ. ಮಗು ಸಾಯುವುದು ಭೇದಿಯಿಂದಲ್ಲ, ಒಣಗಿ ಸಾಯುವುದು. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರಕ್ಕೆ ಕಾಲರಾ ನುಗ್ಗಿತ್ತು. ರೋಗಿಗಳು ನೆಲದ ಮೇಲೆ. ಡ್ರಿಪ್ ಬಾಟಲಿ ಮುಗಿದುಹೋಯಿತು. ಡಾ. ದಿಲೀಪ್ ಮಹಲನಬೀಸ್ ಅವರು ಗ್ಲೂಕೋಸು, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ಲೋಟದಲ್ಲಿ ಕುಡಿಸಲು ಹೇಳಿದರು. ಕುಡಿಸಿದವರು ಮನೆಯವರೇ. ಮುಂಚೆ ನೂರಕ್ಕೆ ಮೂವತ್ತರ ಆಸುಪಾಸು ಇದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಡ್ರಮ್ಮಿನಿಂದ ಜೀವ ಉಳಿದ ಕಥೆಯೂ ಇದೆ, ನೋಡಿ.

ಅಂಥದ್ದೇ ನೀರು ಕಲಸುವ ಪುಡಿ ಓಆರ್‌ಎಸ್, ಅದರ ಪೊಟ್ಟಣ ಆಶಾ ಕಾರ್ಯಕರ್ತೆ ಹತ್ತಿರ ಸಿಗುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಿ. ಒಂದು ಲೋಟಕ್ಕೆ ಒಂಚೂರು ಅಂತ ಅಂದಾಜಿನಲ್ಲಿ ಉದುರಿಸಬೇಡಿ. ಪೊಟ್ಟಣ ಇಲ್ಲವಾ? ಒಂದು ಲೀಟರ್ ಕುದಿಸಿ ಆರಿಸಿದ ನೀರು, ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಗು ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ ಕೊಡಿ. ಗಂಜಿ, ಮಜ್ಜಿಗೆ ನಡೆಯುತ್ತದೆ, ಎದೆಹಾಲು ನಿಲ್ಲಿಸಲೇಬಾರದು. ಅಂಗಡಿಯಲ್ಲಿ ಬಣ್ಣದ ಡಬ್ಬಿಯಲ್ಲಿ ಸಿಗುವ ಸಿಹಿ ಜ್ಯೂಸ್ ಓಆರ್‌ಎಸ್ ಅಲ್ಲ. ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಅಂತ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶ ಮಾಡಿತು.

ಕುದಿಸಿ ಅಂತ ಈಗಷ್ಟೇ ಹೇಳಿದೆ. ಕುದಿಸಿದರೂ ಹೋಗದ್ದು ಒಂದಿದೆ. ಚಳ್ಳಕೆರೆ, ಮೊಳಕಾಲ್ಮೂರು, ಹಿರಿಯೂರು ಕಡೆಯವರು ಇಲ್ಲಿದ್ದರೆ ಅವರಿಗೆ ಗೊತ್ತು: ಫ್ಲೋರೈಡ್. ನೆಲದಡಿಯ ಬಂಡೆಯಲ್ಲೇ ಅದು ಇರುತ್ತದೆ, ನೀರು ಎಷ್ಟು ವರ್ಷ ಅಲ್ಲಿ ನಿಂತಿರುತ್ತದೋ ಅಷ್ಟು ಕರಗುತ್ತದೆ. ಕೆರೆ ಬತ್ತಿ, ಬಾವಿ ಬತ್ತಿ, ಬೋರು ಆಳಕ್ಕೆ ಹೋದ ಹಾಗೆ ಆ ಹಳೇ ನೀರೇ ನಮ್ಮ ಬಾಯಿಗೆ ಬರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಮ್ಮ ದೇಶದ ಮಾನದಂಡ. ಅದಕ್ಕಿಂತ ಜಾಸ್ತಿಯಾದರೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ. ವರ್ಷಾನುಗಟ್ಟಲೆ ಕುಡಿದರೆ ಸೊಂಟ, ಮಂಡಿ ಬಿಗಿಯುತ್ತದೆ.

ಒಂದು ಶಾಲೆಯಲ್ಲಿ ಏಳನೇ ತರಗತಿ ಹುಡುಗಿ ಕೈಯಿಂದ ಬಾಯಿ ಮುಚ್ಚಿಕೊಂಡೇ ನನ್ನ ಹತ್ತಿರ ಮಾತಾಡಿದಳು. ನಗುವಾಗಲೂ ಕೈ ತೆಗೆಯಲಿಲ್ಲ. ಮೇಷ್ಟ್ರು, “ಹಲ್ಲುಜ್ಜಲ್ಲ ಸಾರ್ ಇವಳು” ಅಂದರು. ಅವಳು ದಿನಕ್ಕೆ ಎರಡು ಸಲ ಇದ್ದಿಲಿಂದ ಉಜ್ಜುತ್ತಿದ್ದಳು. ಉಜ್ಜಿದರೆ ಹೋಗುವ ಕಲೆ ಅಲ್ಲ ಅದು. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಬಿದ್ದದ್ದು. ಮೇಷ್ಟ್ರಿಗೆ ಅಲ್ಲೇ, ಅವಳ ಎದುರಿಗೇ ಹೇಳಿದೆ. ಅವರು ಒಳ್ಳೆಯವರು, ಪಾಪ, ಸುಮ್ಮನಾದರು.

ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಕ್ಯಾಂಡಲ್ ಫಿಲ್ಟರೂ ತಡೆಯುವುದಿಲ್ಲ. ಕಾಯಿನ್ ಹಾಕಿ ಕ್ಯಾನ್ ತುಂಬಿಸುವ ಶುದ್ಧ ನೀರಿನ ಘಟಕ ತಡೆಯುತ್ತದೆ, ಅದರೊಳಗಿನ ಸೋಸುವ ಪೊರೆ, ಮೆಂಬ್ರೇನ್, ಸರಿ ಇದ್ದರೆ. ಮಳೆ ನೀರಲ್ಲಿ ಫ್ಲೋರೈಡ್ ಇರುವುದಿಲ್ಲ. ನಮ್ಮ ಪಾಳೇಗಾರರ ಕಾಲದವರಿಗೆ ಈ ಹೆಸರು ಗೊತ್ತಿರಲಿಲ್ಲ, ಆದರೆ ಬಂಡೆ ಮೇಲೆ ಬಿದ್ದ ಮಳೆಯನ್ನು ಒಂದು ಹೊಂಡದಿಂದ ಇನ್ನೊಂದಕ್ಕೆ ಇಳಿಸಿಕೊಂಡು ಸಿಹಿನೀರು ಹೊಂಡದವರೆಗೆ ತಂದರು. ನಮ್ಮ ತಾರಸಿ ಮೇಲೆ ಬಿದ್ದದ್ದು ಚರಂಡಿಗೆ ಹೋಗುತ್ತಿದೆ.

ಹೊತ್ತಾಯಿತು, ಮೈಕ್‌ನವರು ಕೈ ತೋರಿಸುತ್ತಿದ್ದಾರೆ ಅಂತ ನಿಲ್ಲಿಸಿದೆ. ಬಾಟಲಿ ಅಷ್ಟರಲ್ಲಿ ಹಿಂದಿನ ಸಾಲಿಗೆ ಹೋಗಿ ಬಂದಿತ್ತು. ಅದನ್ನು ಹಿಡಿದುಕೊಂಡು ಒಬ್ಬ ಹುಡುಗ ನಿಂತಿದ್ದ. ಐದನೇ ಕ್ಲಾಸ್ ಇರಬೇಕು.

“ಇದನ್ನ ಏನ್ಮಾಡ್ತೀರಿ ಸಾರ್? ಚರಂಡಿಗೆ ಚೆಲ್ಲಲಾ?”

ಚರಂಡಿಗೆ ಬೇಡ, ಅಲ್ಲೂ ಬದುಕಿಬಿಟ್ಟಾವು, ಒಣ ಮಣ್ಣಿಗೆ ಚೆಲ್ಲು ಅಂದೆ. ಇಬ್ಬರೂ ಹೊರಗೆ ಹೋದೆವು. ಭವನದ ಪಕ್ಕ ಕಟ್ಟಡದ ಮರಳು ಬಿದ್ದಿತ್ತು. ಸುರಿದ. ನೀರು ಇಂಗಿತು, ಹುಳ ಸ್ವಲ್ಪ ಹೊತ್ತು ಮಿಸುಕಾಡಿದವು. ಅವನು ಕುಕ್ಕರುಗಾಲಲ್ಲಿ ಕೂತು ಅವು ನಿಲ್ಲುವವರೆಗೂ ನೋಡಿದ. ಆಮೇಲೆ ಬಾಟಲಿ ತಾನೇ ಇಟ್ಟುಕೊಳ್ಳಲಾ ಅಂತ ಕೇಳಿದ, ಗೋಲಿ ಹಾಕಿಡಲಿಕ್ಕೆ. ತಗೋ, ಮೊದಲು ಒಳಗೆಲ್ಲ ನಾರಿನಿಂದ ತಿಕ್ಕು ಅಂದೆ.